ಕಾರವಾರದ ತೀರದಲ್ಲಿ ಕಡಲಿನ ಅಧ್ಯಯನ

೧

ಮಹಾಕಾವ್ಯದಲ್ಲಿ ಬರಬೇಕಾದ ಹದಿನೆಂಟು ವರ್ಣನೆಗಳಲ್ಲಿ ಸಮುದ್ರವರ್ಣನೆಯೂ ಒಂದೆಂದು ಆಲಂಕಾರಿಕರು ವಿಧಿಸಿದರು. ಕನ್ನಡದ ಚಂಪೂಕವಿಗಳು ಆ ವಿಧಿಯನ್ನು ಶ್ರದ್ಧೆಯಿಂದ ಪಾಲಿಸಿದರು. ಅವರಲ್ಲಿ ಬಹುಮಂದಿ ಒಳನಾಡಿನ ರಾಜಧಾನಿಗಳಲ್ಲಿ ಬಾಳಿದವರು. ಕಡಲು ಅವರಿಗೆ ಕಂಡ ವಸ್ತುವೆನ್ನುವುದಕ್ಕಿಂತ ಓದಿ ತಿಳಿದ ವಸ್ತುವಾಗಿತ್ತು. ಆದುದರಿಂದ ಅವರ ಸಮುದ್ರದಲ್ಲಿ ತಿಮಿ ತಿಮಿಂಗಿಲಗಳೂ ಮಕರಗಳೂ ಮುತ್ತು ಹವಳಗಳೂ ಹೇರಳವಾಗಿ ದೊರೆಯುವುವು. ಬಂಗುಡೆ, ತಾರ್ಲೆ, ಕಾಣೆ, ಸಿಗಡಿಗಳು ದೊರೆಯುವುದು ಅಪೂರ್ವ.

ಇದಕ್ಕೆ ಪ್ರತಿಯಾಗಿ, ಕಾರವಾರದಿಂದ ಮಂಗಳೂರಿನವರೆಗೆ ಸುಮಾರು ೩೦೦ ಕಿಲೋಮೀಟರು ಹಬ್ಬಿರುವ ತೀರದಲ್ಲಿ ಕಡಲನ್ನೇ ನಂಬಿ ಬಾಳಿದ ಮೊಗವೀರ, ಖಾರ್ವಿ, ಹರಿಕಂತ್ರ, ಅಂಬಿಗ ಮೊದಲಾದ ಜನಸಮುದಾಯಗಳು ನೀರಿನ ಬಣ್ಣ, ಗಾಳಿಯ ದಿಕ್ಕು, ಚಂದ್ರನ ಕಲೆ, ಹಕ್ಕಿಗಳ ಹಾರಾಟ ಇವುಗಳಿಂದ ಕಡಲಿನ ನಡತೆಯನ್ನು ಅರಿತುಕೊಂಡರು. ಆ ಅರಿವಿಗೆ ತಕ್ಕ ಶಬ್ದಸಂಪತ್ತನ್ನೂ ಬೆಳೆಸಿಕೊಂಡರು. ಆದರೆ ಅದು ಬಾಯಿಂದ ಬಾಯಿಗೆ ಸಾಗಿತೇ ಹೊರತು ಬರೆಹಕ್ಕೆ ಇಳಿದುದು ಅತ್ಯಲ್ಪ. ಹೀಗೆ ಬರೆದವರು ಕಡಲನ್ನು ಕಾಣದೆಯೂ, ಕಂಡವರು ಬರೆಯದೆಯೂ ಅನೇಕ ಶತಮಾನಗಳು ಕಳೆದುವು.

ಕಡಲಿನ ದಡದಲ್ಲಿಯೇ ನೆಲೆಸಿ, ದಿನದಿನವೂ ನೋಡಿ, ಅಳೆದು, ಬರೆದಿಡುವ ಕ್ರಮವು ಈ ಎರಡು ಬಗೆಯ ತಿಳಿವಳಿಕೆಗಳ ನಡುವೆ ಮೂರನೆಯದಾಗಿ ಬಂದಿತು. ಇಂಥ ಕೆಲಸಕ್ಕೆಂದು ನೆಲೆಗೊಂಡ ಸ್ಥಳವೇ ಕರಾವಳಿಯ ಕ್ಷೇತ್ರ ಸಂಶೋಧನ ಕೇಂದ್ರ. ಕನ್ನಡ ನಾಡಿನಲ್ಲಿ ಇದಕ್ಕೆ ಮುಖ್ಯವಾದ ನಿದರ್ಶನ ಕಾರವಾರ. ಸಾಹಿತ್ಯಾಭ್ಯಾಸಿಗಳು ಕಾರವಾರವನ್ನು ರವೀಂದ್ರನಾಥ ಠಾಕೂರರು ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ರಚಿಸಿದ ಸ್ಥಳವೆಂದು ಬಲ್ಲರು. ಅಲ್ಲಿ ನಡೆದಿರುವ ಕಡಲಜೀವಶಾಸ್ತ್ರದ ಕಾರ್ಯವು ಅಷ್ಟು ಪರಿಚಿತವಲ್ಲ. ಇಂಥ ಕೇಂದ್ರದ ನಿಜವಾದ ಸಂಪತ್ತು ಅದರ ಕಟ್ಟಡವೂ ಅಲ್ಲ, ಉಪಕರಣಗಳೂ ಅಲ್ಲ. ಒಂದೇ ಸ್ಥಳದಲ್ಲಿ ಎಡೆಬಿಡದೆ ಬರೆದಿಟ್ಟ ಅಂಕಿಗಳು ಮತ್ತು ಅದೇ ಸ್ಥಳದ ಜನರು ಆ ವಸ್ತುಗಳಿಗೆ ಇಟ್ಟ ಹೆಸರುಗಳು, ಇವೆರಡೇ ಅದರ ಮೂಲಧನ. ಇವುಗಳಲ್ಲಿ ಒಂದು ಕಳೆದುಹೋದರೂ ಮತ್ತೊಂದು ಅರ್ಧ ಬೆಲೆಯದಾಗುವುದು.

೨

ಕಡಲ ತಡಿಯ ಪ್ರಯೋಗಶಾಲೆಯೆಂಬ ಕಲ್ಪನೆ ಬಹಳ ಹಳೆಯದಲ್ಲ. ಫ್ರಾನ್ಸಿನ ಕೊಂಕಾರ್ನೋ ಎಂಬಲ್ಲಿ ೧೮೫೯ರಲ್ಲಿ ಇಂಥದೊಂದು ಶಾಲೆ ಏರ್ಪಟ್ಟಿತು. ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಆಂಟನ್ ಡೋರ್ನನು ಇಟಲಿಯ ನೇಪಲ್ಸ್ ನಗರದಲ್ಲಿ ೧೮೭೨ರಲ್ಲಿ ಸ್ಥಾಪಿಸಿದ ಕೇಂದ್ರವು ಈ ಕಲ್ಪನೆಗೆ ಸ್ಥಿರವಾದ ರೂಪವನ್ನು ಕೊಟ್ಟಿತು. ಆತನು ಅಲ್ಲಿ ತಂದ ವ್ಯವಸ್ಥೆ ಸರಳವಾದುದು. ದೂರದ ವಿಶ್ವವಿದ್ಯಾಲಯಗಳೂ ಸರ್ಕಾರಗಳೂ ವರ್ಷಕ್ಕಿಷ್ಟೆಂದು ಹಣ ತೆತ್ತು ಕೇಂದ್ರದಲ್ಲಿ ಒಂದೊಂದು ‘ಮೇಜನ್ನು’ ಬಾಡಿಗೆಗೆ ಹಿಡಿಯುವುವು. ಅವು ಕಳುಹಿಸಿದ ವಿದ್ವಾಂಸನಿಗೆ ಆ ಮೇಜು, ಕಡಲಿನ ನೀರು, ಜೀವಂತ ಪ್ರಾಣಿಗಳು, ಪುಸ್ತಕ ಭಂಡಾರ ಎಲ್ಲವೂ ಸಿದ್ಧವಾಗಿರುವುವು. ಸಮುದ್ರವಿಲ್ಲದ ನಾಡಿನ ವಿದ್ಯಾಪೀಠಕ್ಕೂ ಸಮುದ್ರದಲ್ಲಿ ಒಂದು ಪಾಲು ಹೀಗೆ ದೊರೆಯಿತು. ಅಮೆರಿಕದ ವುಡ್ಸ್ ಹೋಲ್ ಮತ್ತು ಇಂಗ್ಲೆಂಡಿನ ಪ್ಲಿಮತ್ ಕೇಂದ್ರಗಳು ೧೮೮೮ರಲ್ಲಿ ಪ್ರಾರಂಭವಾದುವು.

ಭಾರತದಲ್ಲಿ ಮದರಾಸು ಪ್ರಾಂತದ ಮೀನುಗಾರಿಕಾ ಇಲಾಖೆಯು ಕಲ್ಲಿಕೋಟೆಯ ವೆಸ್ಟ್ ಹಿಲ್ ಎಂಬಲ್ಲಿಯೂ ಮನ್ನಾರ್ ಖಾರಿಯ ಕ್ರುಸಡೈ ದ್ವೀಪದಲ್ಲಿಯೂ ಇಂಥ ಕೆಲಸವನ್ನು ಮೊದಲುಮಾಡಿತು. ಅಣ್ಣಾಮಲೈ ವಿಶ್ವವಿದ್ಯಾಲಯದ ಪರಂಗಿಪೇಟೆಯ ಕೇಂದ್ರವು ತರುವಾಯ ಪ್ರಸಿದ್ಧಿಗೆ ಬಂದಿತು. ಕನ್ನಡ ಕರಾವಳಿಯು ಆಗ ಎರಡು ಆಡಳಿತಗಳಲ್ಲಿ ಹಂಚಿಹೋಗಿತ್ತು: ೧೮೬೨ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತು, ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ಒಂದೇ ಕಡಲು, ಒಂದೇ ಮೀನು, ಲೆಕ್ಕಪತ್ರ ಮಾತ್ರ ಎರಡು. ೧೯೫೬ರಲ್ಲಿ ಏಕೀಕರಣವಾಗುವವರೆಗೆ ಈ ತೀರವನ್ನು ಒಂದು ಘಟಕವಾಗಿ ನೋಡುವ ಅನುಕೂಲವೇ ಇರಲಿಲ್ಲ. ಏಕೀಕರಣದ ಬಳಿಕ, ೧೯೬೯ರಲ್ಲಿ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಮಂಗಳೂರಿನಲ್ಲಿ ಮೀನುಗಾರಿಕಾ ಮಹಾವಿದ್ಯಾಲಯವು ಸ್ಥಾಪಿತವಾಯಿತು. ದೇಶದಲ್ಲಿ ಆ ಬಗೆಯ ಕಾಲೇಜುಗಳಲ್ಲಿ ಅದೇ ಮೊದಲನೆಯದು.

೩

ಕಾರವಾರದ ಭೂಸನ್ನಿವೇಶವೇ ಅದನ್ನು ಇಂಥ ಅಧ್ಯಯನಕ್ಕೆ ಯೋಗ್ಯವಾಗಿಸಿದೆ. ಸಹ್ಯಾದ್ರಿಯ ತಪ್ಪಲು ಇಲ್ಲಿ ಕಡಲಿಗೆ ತೀರ ಸಮೀಪವಾಗಿ ಬಂದು ನಿಂತಿದೆ. ಬೆಟ್ಟದ ಚಾಚುಗಳು ನೀರಿಗಿಳಿದಲ್ಲಿ ಬಂಡೆಗಳ ದಡ, ಅವುಗಳ ನಡುವೆ ಮರಳಿನ ಕೊಲ್ಲಿ. ಎದುರಿಗೆ ಕೂರ್ಮಗಡ, ದೇವಗಡ ಮೊದಲಾದ ದ್ವೀಪಗಳು. ಜೋಯಿಡಾ ತಾಲೂಕಿನ ದಿಗ್ಗಿಯ ಬಳಿ ಹುಟ್ಟಿ ೧೮೪ ಕಿಲೋಮೀಟರು ಹರಿಯುವ ಕಾಳೀ ನದಿಯು ಕೋಡಿಬಾಗ ಮತ್ತು ಸದಾಶಿವಗಡಗಳ ನಡುವೆ ಸಮುದ್ರವನ್ನು ಸೇರುವುದು. ಈ ನದಿಯ ಉಗಮವೂ ಸಂಗಮವೂ ಒಂದೇ ಜಿಲ್ಲೆಯಲ್ಲಿರುವುದು ಗಮನಿಸತಕ್ಕ ಅಂಶ. ಹೀಗೆ ಬಂಡೆ, ಮರಳು, ಕೆಸರು, ಅಳಿವೆ, ದ್ವೀಪ ಈ ಐದು ಬಗೆಯ ನೆಲೆಗಳೂ ಕೆಲವೇ ಕಿಲೋಮೀಟರುಗಳ ಒಳಗೆ ದೊರೆಯುವುವು.

ಇಲ್ಲಿ ವಿದ್ಯಾರ್ಥಿಯ ವೇಳಾಪಟ್ಟಿಯನ್ನು ನಿರ್ಣಯಿಸುವುದು ಗಡಿಯಾರವಲ್ಲ, ಚಂದ್ರ. ದಿನಕ್ಕೆರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ದಿನದಿಂದ ದಿನಕ್ಕೆ ಸುಮಾರು ೫೦ ನಿಮಿಷಗಳ ವಿಳಂಬ. ಅಮಾವಾಸ್ಯೆ ಹುಣ್ಣಿಮೆಗಳ ಹತ್ತಿರದ ದೊಡ್ಡ ಇಳಿತದಲ್ಲಿ ನೀರು ದೂರಕ್ಕೆ ಸರಿದಾಗ ಮಾತ್ರ ಬಂಡೆಯ ಕೆಳಗಣ ಪಾವಟಿಗೆಗಳು ಕಾಣಿಸುವುವು. ಆಗ ಬಂಡೆಯು ಒಂದು ತೆರೆದ ಪುಸ್ತಕದಂತೆ ಸಾಲುಸಾಲಾಗಿ ಓದಲು ಸಿಕ್ಕುವುದು. ಮೇಲ್ಗಡೆ, ಬಿಸಿಲನ್ನೂ ಒಣಗುವಿಕೆಯನ್ನೂ ಸಹಿಸಬಲ್ಲ ಸಣ್ಣ ಶಂಖುಹುಳುಗಳು. ಅದರ ಕೆಳಗೆ ಬಂಡೆಗೆ ಕಚ್ಚಿಕೊಂಡ ಸುಣ್ಣದ ಚಿಪ್ಪಿನ ಬಾರ್ನಕಲ್ಲುಗಳು, ಬಳಿಕ ಸಿಂಪಿಗಳು. ಇನ್ನೂ ಕೆಳಗೆ ಕಡಲಪಾಚಿಗಳು, ಅವುಗಳ ನೆರಳಿನಲ್ಲಿ ಕಡಲಹೂಗಳು. ಮೇಲಿನ ಎಲ್ಲೆಯನ್ನು ಬಹುಮಟ್ಟಿಗೆ ಬಿಸಿಲೂ ಒಣಗುವಿಕೆಯೂ ಗೊತ್ತುಮಾಡುವುವು. ಕೆಳಗಿನ ಎಲ್ಲೆಯನ್ನು ಅನೇಕ ವೇಳೆ ನೆರೆಯ ಜೀವಿಗಳ ಪೈಪೋಟಿಯೂ ಬೇಟೆಯೂ ಗೊತ್ತುಮಾಡುವುವು. ಈ ಪಾಠವನ್ನು ಸೀಸೆಯೊಳಗಣ ಬಿಳಿಚಿದ ಮಾದರಿಯಿಂದ ಕಲಿಯಲು ಬಾರದು. ಸೀಸೆಯು ಪ್ರಾಣಿಯ ಆಕಾರವನ್ನು ತೋರಿಸುವುದು. ಅದು ಅಲ್ಲಿಯೇ ಏಕೆ ಇತ್ತೆಂಬುದನ್ನು ಬಂಡೆ ಮಾತ್ರ ಹೇಳುವುದು.

ಅಳಿವೆಯ ಪಾಠ ಇನ್ನೂ ಸೂಕ್ಷ್ಮವಾದುದು. ತೆರೆದ ಸಮುದ್ರದಲ್ಲಿ ಸಾವಿರ ಪಾಲು ನೀರಿಗೆ ಸುಮಾರು ೩೫ ಪಾಲು ಲವಣವಿರುವುದು. ಮುಂಗಾರಿನಲ್ಲಿ ಕಾಳಿಯು ತುಂಬಿ ಬಂದಾಗ ಅಳಿವೆಯ ಮೇಲ್ನೀರು ಹೆಚ್ಚುಕಡಮೆ ಸಿಹಿಯಾಗುವುದು. ಬೇಸಗೆಯಲ್ಲಿ ಉಪ್ಪುನೀರು ಒಳನಾಡಿನ ಕಡೆಗೆ ನುಗ್ಗುವುದು. ಕೆಸರಿನಲ್ಲಿ ಹುದುಗಿರುವ ಬಳಚಿನಂಥ ಪ್ರಾಣಿಯು ಓಡಿಹೋಗಲಾರದೆ ವರ್ಷಕ್ಕೊಮ್ಮೆ ಈ ಎರಡು ತುದಿಗಳನ್ನೂ ಅನುಭವಿಸಬೇಕು. ಯಾವ ಜಾತಿಯ ಚಿಪ್ಪುಜೀವಿ ನದಿಯೊಳಗೆ ಎಷ್ಟು ದೂರ ದೊರೆಯುವುದೆಂಬುದೇ ಉಪ್ಪಿನ ಒಂದು ಅಳತೆಗೋಲು. ದಡದ ಕಾಂಡ್ಲಗಿಡಗಳು ಹಾಗೂ ಉಪ್ಪುನೀರು ಹೊಕ್ಕು ಹೊರಡುವ ಗಜನಿಗಳು ಇದೇ ಲೆಕ್ಕಾಚಾರಕ್ಕೆ ಒಳಪಟ್ಟಿವೆ.

೪

ಕಾರವಾರದಲ್ಲಿ ಈ ಅಧ್ಯಯನವನ್ನು ನಡೆಸಿಕೊಂಡು ಬಂದಿರುವ ಸಂಸ್ಥೆಗಳು ಮುಖ್ಯವಾಗಿ ಎರಡು. ಮೊದಲನೆಯದು ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನ ಸಂಸ್ಥೆಯ ಶಾಖೆ. ಈ ಸಂಸ್ಥೆಯು ೧೯೪೭ನೆಯ ಫೆಬ್ರವರಿ ೩ರಂದು ಸ್ಥಾಪಿತವಾಗಿ, ಮಂಟಪಂನಲ್ಲಿ ಬಹುಕಾಲ ನೆಲೆಸಿದ್ದು, ಅನಂತರ ಕೊಚ್ಚಿಗೆ ಹೋಯಿತು. ಎರಡನೆಯದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಕೋಡಿಬಾಗದಲ್ಲಿ ನಡೆಸುತ್ತ ಬಂದಿರುವ ಕಡಲಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗ. ೧೯೪೯ರಲ್ಲಿ ಸ್ಥಾಪಿತವಾದ ಈ ವಿಶ್ವವಿದ್ಯಾಲಯದ ಪೀಠವು ಬಯಲುಸೀಮೆಯ ಅಂಚಿನಲ್ಲಿದ್ದು, ಸಮುದ್ರಕ್ಕೆ ಸುಮಾರು ೧೫೦ ಕಿಲೋಮೀಟರು ದೂರವಾಗಿದೆ. ಡೋರ್ನನ ಮೇಜಿನ ಕಲ್ಪನೆಯನ್ನು ಅದು ತನ್ನದೇ ಆದ ರೀತಿಯಲ್ಲಿ ಸಾಧಿಸಿತೆನ್ನಬಹುದು: ಮೇಜನ್ನು ಬಾಡಿಗೆಗೆ ಹಿಡಿಯುವುದಕ್ಕೆ ಬದಲಾಗಿ ಒಂದು ವಿಭಾಗವನ್ನೇ ಕಡಲ ತಡಿಗೆ ಕಳುಹಿಸಿತು. ಒಂದು ಸಂಸ್ಥೆಗೆ ಸಂಶೋಧನೆ ಪ್ರಧಾನ, ಮತ್ತೊಂದಕ್ಕೆ ಬೋಧನೆ ಪ್ರಧಾನ. ಆದರೂ ಎರಡೂ ಒಂದೇ ನೀರಿನ ಮೇಲೆ ಕಣ್ಣಿಟ್ಟಿವೆ.

ಮೊದಲಿನ ದಿನಗಳ ಕಾರ್ಯಕ್ಕೆ ಕೇಂದ್ರವಸ್ತುವಾದುದು ಬಂಗುಡೆ. ಮುಂಗಾರಿನಲ್ಲಿ ಕಡಲಿನ ಆಳದ ತಂಪು ನೀರು ತೀರದ ಕಡೆಗೆ ಮೇಲೆದ್ದು ಬಂದು, ಸಸ್ಯಗಳಿಗೆ ಬೇಕಾದ ಲವಣಾಂಶಗಳನ್ನು ಬೆಳಕಿನ ಪದರಕ್ಕೆ ತರುವುದು. ಅದರಿಂದ ಪ್ಲವಕಗಳೆಂಬ ತೇಲುಜೀವಿಗಳು ಹಬ್ಬಿ, ಅವುಗಳನ್ನು ತಿನ್ನುವ ಬಂಗುಡೆಯ ಹಿಂಡುಗಳು ಮಳೆ ಕಳೆದ ಮೇಲೆ ದಡಕ್ಕೆ ಸಮೀಪಿಸುವುವು. ಆಗ ದಡದಿಂದಲೇ ಬೀಸಿ, ಹತ್ತಾರು ಮಂದಿ ಎರಡು ತುದಿಗಳನ್ನು ಹಿಡಿದು ಎಳೆಯುತ್ತಿದ್ದ ರಂಪಣಿ ಬಲೆಗೆ ಅವು ಸಿಕ್ಕುತ್ತಿದ್ದುವು. ಒಂದು ವರ್ಷ ಬಲೆ ಹರಿಯುವಷ್ಟು, ಮತ್ತೊಂದು ವರ್ಷ ಬಲೆಯ ಕೂಲಿಗೂ ಸಾಲದಷ್ಟು. ಈ ಏರಿಳಿತಕ್ಕೆ ಕಾರಣವೇನೆಂಬುದೇ ಸಂಶೋಧಕರ ಮುಂದಿದ್ದ ಪ್ರಶ್ನೆ.

ಉತ್ತರಕ್ಕೆ ಅವರು ಹಿಡಿದ ಮಾರ್ಗವು ಆಡಂಬರರಹಿತವಾದುದು. ದಡಕ್ಕೆ ಬಂದ ರಾಶಿಯಿಂದ ನಿಯತಕಾಲಕ್ಕೆ ಕೆಲವು ಮೀನುಗಳನ್ನು ಆಯ್ದು ಉದ್ದವನ್ನು ಅಳೆಯುವುದು. ಹೊಟ್ಟೆ ಸೀಳಿ ಆಹಾರವೇನೆಂದು ನೋಡುವುದು. ಮೊಟ್ಟೆಯ ಚೀಲ ಎಷ್ಟು ಬಲಿತಿದೆಯೆಂದು ಗುರುತಿಸುವುದು. ಅದೇ ವಾರದ ನೀರಿನ ಉಷ್ಣತೆ, ಲವಣತೆ, ಪ್ಲವಕಗಳ ಪ್ರಮಾಣ ಇವನ್ನು ಪಕ್ಕದಲ್ಲಿ ಬರೆಯುವುದು. ತಿಂಗಳಿಂದ ತಿಂಗಳಿಗೆ ಹೆಚ್ಚು ಮೀನುಗಳಿರುವ ಉದ್ದದ ವರ್ಗವು ಮುಂದೆ ಸರಿಯುವುದನ್ನು ಕಂಡು ಬೆಳವಣಿಗೆಯ ವೇಗವನ್ನು ತಿಳಿಯಬಹುದು. ಒಂದೊಂದು ಅಳತೆಯೂ ಅತ್ಯಲ್ಪ, ಬೆಲೆಯಿರುವುದು ಸಾಲಿನಲ್ಲಿ.

ಈ ಪರಿಶ್ರಮದ ಫಲವಾಗಿ ಎಲ್. ಬಿ. ಪ್ರಧಾನ್ ಅವರು ಕಾರವಾರದ ಬಂಗುಡೆ ಮೀನುಗಾರಿಕೆಯನ್ನು ಕುರಿತು ‘ಇಂಡಿಯನ್ ಜರ್ನಲ್ ಆಫ್ ಫಿಷರೀಸ್’ ಪತ್ರಿಕೆಯಲ್ಲಿ ೧೯೫೬ರಲ್ಲಿ ದೀರ್ಘ ಪ್ರಬಂಧವನ್ನು ಪ್ರಕಟಿಸಿದರು. ಎನ್. ರಾಧಾಕೃಷ್ಣನ್ ಅವರು ೧೯೫೭ರಲ್ಲಿ ಕಾಣೆಮೀನಿನ ಜೀವನಕ್ರಮವನ್ನು ವಿವರಿಸಿದರು. ಎಸ್. ರಾಮಮೂರ್ತಿ ಅವರು ೧೯೬೫ರಲ್ಲಿ ಉತ್ತರ ಕನ್ನಡ ತೀರದ ಪ್ಲವಕಗಳಿಗೂ ಮೇಲ್ನೀರಿನ ಮೀನುಗಳಿಗೂ ಇರುವ ಸಂಬಂಧವನ್ನೂ, ಎ. ನೋಬಲ್ ಅವರು ೧೯೬೮ರಲ್ಲಿ ಅದೇ ತೀರದ ಸಮುದ್ರಜಲದ ಗುಣಗಳನ್ನೂ ಪರಿಶೀಲಿಸಿದರು. ಈಚಿನ ವರ್ಷಗಳಲ್ಲಿ ಕಡಲಿನಲ್ಲಿ ಪಂಜರಗಳನ್ನು ತೇಲಿಬಿಟ್ಟು ಮೀನು ಬೆಳೆಸುವ ಪ್ರಯೋಗವೂ ಕಾರವಾರದಲ್ಲಿ ನಡೆದಿದೆ.

೫

ಈ ಪ್ರಬಂಧಗಳ ಬೆಲೆಯು ಅವು ಪ್ರಕಟವಾದ ಕಾಲಕ್ಕಿಂತ ತರುವಾಯ ಹೆಚ್ಚಿತು. ಏಕೆಂದರೆ ಅವುಗಳ ಬಳಿಕ ಕಾರವಾರದ ನೀರೂ ನೆಲವೂ ಬಹಳವಾಗಿ ಮಾರ್ಪಟ್ಟುವು. ೧೯೭೦ರ ದಶಕದ ಉತ್ತರಾರ್ಧದಲ್ಲಿ ಯಂತ್ರದೋಣಿಗಳಿಂದ ಹಿಂಡನ್ನು ಸುತ್ತುವರಿದು ಹಿಡಿಯುವ ಪರ್ಸಿನ್ ಬಲೆ ಈ ಕರಾವಳಿಗೆ ಬಂದಿತು. ದಡಕ್ಕೆ ಬರುವ ಮೊದಲೇ ಮೀನು ಸಿಕ್ಕಿಹೋಗಲು, ಹಳ್ಳಿಗೆ ಹಳ್ಳಿಯೇ ಕೂಡಿ ಎಳೆಯುತ್ತಿದ್ದ ರಂಪಣಿಯು ಕ್ರಮೇಣ ಮೂಲೆಗೆ ಸೇರಿತು. ಕಾಳೀ ನದಿಗೆ ಸೂಪದಲ್ಲಿ ಕಟ್ಟಿದ ಅಣೆಕಟ್ಟು ೧೯೮೭ರಲ್ಲಿ ಮುಗಿಯಿತು. ಕೊಡಸಳ್ಳಿ, ಕದ್ರಾ ಅಣೆಗಳು ಹಿಂಬಾಲಿಸಿದುವು. ಕೈಗಾದ ಪರಮಾಣು ವಿದ್ಯುದಾಗಾರವು ೨೦೦೦ದಲ್ಲಿ ವಾಣಿಜ್ಯ ಉತ್ಪಾದನೆಗೆ ತೊಡಗಿತು. ನಗರದ ದಕ್ಷಿಣಕ್ಕೆ ೧೯೮೬ರಲ್ಲಿ ಶಂಕುಸ್ಥಾಪನೆಯಾದ ನೌಕಾನೆಲೆಯು ೨೦೦೫ನೆಯ ಮೇ ೩೧ರಂದು ‘ಕದಂಬ’ ಎಂಬ ಹೆಸರಿನಿಂದ ಕಾರ್ಯಾರಂಭ ಮಾಡಿತು. ಆ ತೀರದ ಅನೇಕ ಮೀನುಗಾರ ಕುಟುಂಬಗಳು ನೆಲೆಯನ್ನು ಬಿಟ್ಟು ಬೇರೆಡೆಗೆ ಹೋಗಬೇಕಾಯಿತು.

ಮಳೆಗಾಲದ ನೀರನ್ನು ತಡೆದು ವಿದ್ಯುತ್ತಿಗಾಗಿ ವರ್ಷವಿಡೀ ಬಿಡುವ ನದಿಯಲ್ಲಿ ಅಳಿವೆಯ ಉಪ್ಪಿನ ಲೆಕ್ಕವು ಹಿಂದಿನಂತೆ ಉಳಿಯಲಾರದು. ಬಲೆಯೂ ಅಣೆಯೂ ಬಂದರೂ ಹವಾಮಾನವೂ ಒಟ್ಟಿಗೆ ಬದಲಾದಾಗ, ಇಂದಿನ ಮೀನಿನ ಕೊರತೆಗೆ ಅಥವಾ ಬಳಚಿನ ಅಳಿವಿಗೆ ಯಾವುದು ಎಷ್ಟುಮಟ್ಟಿಗೆ ಕಾರಣವೆಂದು ಹೇಳುವ ಬಗೆ ಹೇಗೆ? ಬದಲಾಗುವುದಕ್ಕೆ ಮುಂಚಿನ ಅಳತೆ ಕೈಯಲ್ಲಿದ್ದರೆ ಮಾತ್ರ ಈ ಪ್ರಶ್ನೆಯು ವಿಚಾರಕ್ಕೆ ಯೋಗ್ಯವಾಗುವುದು. ಇಲ್ಲವಾದರೆ ಅದು ಹಳಹಳಿಕೆಯಾಗಿಯೇ ಉಳಿಯುವುದು. ಅಣೆಗಳಿಗಿಂತ ಎಷ್ಟೋ ಮೊದಲು, ಅಣೆಗಳ ಯೋಚನೆಯೇ ಇಲ್ಲದೆ, ಕೇವಲ ಕರ್ತವ್ಯವೆಂದು ಬರೆದಿಟ್ಟ ಉಷ್ಣತೆ ಲವಣತೆಗಳ ಪಟ್ಟಿಗಳು ಈಗ ಅಮೂಲ್ಯವಾದ ಸಾಕ್ಷಿಗಳಾಗಿವೆ.

ಸಾಲು ಕಡಿದರೆ ಏನಾಗುವುದೆಂಬುದಕ್ಕೆ ಪ್ಲಿಮತ್ ಕೇಂದ್ರವೇ ದೃಷ್ಟಾಂತ. ಅಲ್ಲಿ ೧೯೦೩ರಲ್ಲಿ ಸಮುದ್ರದೊಳಗೆ ಒಂದು ಗೊತ್ತಾದ ಸ್ಥಳದಲ್ಲಿ ನೀರನ್ನು ಪರೀಕ್ಷಿಸುವ ಕ್ರಮವು ಆರಂಭವಾಯಿತು. ೧೯೩೦ರ ಸುಮಾರಿಗೆ ಹೆರಿಂಗ್ ಮೀನು ಕ್ಷೀಣಿಸಿದಾಗ, ಪ್ಲವಕಗಳಲ್ಲಿಯೂ ಅದೇ ಕಾಲಕ್ಕೆ ದೊಡ್ಡ ಮಾರ್ಪಾಟಾಯಿತೆಂದು ಎಫ್. ಎಸ್. ರಸೆಲ್ ತೋರಿಸಿಕೊಡುವುದು ಅಲ್ಲಿನ ನಿಯತ ವೀಕ್ಷಣೆಗಳಿಂದ ಸಾಧ್ಯವಾಯಿತು. ಅಷ್ಟು ಪ್ರಸಿದ್ಧವಾದ ಸಾಲು ಕೂಡ ೧೯೮೦ರ ದಶಕದಲ್ಲಿ ಮಿತವ್ಯಯಕ್ಕೆ ಬಲಿಯಾಗಿ ನಿಂತುಹೋಗಿ, ಈ ಶತಮಾನದ ಆದಿಯಲ್ಲಿ ಮರಳಿ ಪ್ರಾರಂಭವಾಯಿತು. ನಡುವಣ ವರ್ಷಗಳ ನೀರನ್ನು ಇನ್ನು ಯಾರೂ ಅಳೆಯಲಾರರು.

೬

ಅಂಕಿಗಳ ವಿಷಯ ಹೀಗಾದರೆ ಹೆಸರುಗಳ ವಿಷಯವು ಭಾಷಾಭ್ಯಾಸಿಗಳಿಗೆ ಇನ್ನೂ ಹತ್ತಿರವಾದುದು. ಬಂಗುಡೆಗೆ ಶಾಸ್ತ್ರದಲ್ಲಿ ‘ರಾಸ್ಟ್ರೆಲಿಗರ್ ಕನಗುರ್ತ’ ಎಂದು ಹೆಸರು. ಇದರಲ್ಲಿ ಎರಡನೆಯ ಪದವು ಗ್ರೀಕೂ ಅಲ್ಲ, ಲ್ಯಾಟಿನ್ನೂ ಅಲ್ಲ, ತೆಲುಗು. ಈಸ್ಟ್ ಇಂಡಿಯಾ ಕಂಪೆನಿಯ ಸೇವೆಯಲ್ಲಿದ್ದ ಪ್ಯಾಟ್ರಿಕ್ ರಸೆಲ್ ವಿಶಾಖಪಟ್ಟಣದ ಇನ್ನೂರು ಮೀನುಗಳನ್ನು ವರ್ಣಿಸಿ ೧೮೦೩ರಲ್ಲಿ ಗ್ರಂಥವನ್ನು ಹೊರಡಿಸಿದಾಗ, ಅಲ್ಲಿಯ ಬೆಸ್ತರು ಹೇಳಿದ ಹೆಸರನ್ನು ಹಾಗೆಯೇ ಬರೆದುಕೊಂಡನು; ಫ್ರಾನ್ಸಿನ ಕುವಿಯೇ ಅದನ್ನು ಶಾಸ್ತ್ರನಾಮವಾಗಿ ಸ್ವೀಕರಿಸಿದನು. ಕಾಣೆಮೀನಿನ ‘ಸಿಲ್ಲಾಗೋ ಸಿಹಾಮ’ ಎಂಬ ಹೆಸರಿನಲ್ಲಿರುವುದು, ಕೆಂಪು ಸಮುದ್ರದ ತೀರದಲ್ಲಿ ಸಂಚರಿಸಿದ ಫೋರ್ಸ್ಕಾಲನು ಕೇಳಿದ ಅರಬ್ಬೀ ಪದ. ಅದು ಅವನ ಮರಣಾನಂತರ ೧೭೭೫ರಲ್ಲಿ ಅಚ್ಚಾಯಿತು. ೧೮೦೦–೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮುಂದೆ ೧೮೨೨ರಲ್ಲಿ ಗಂಗೆಯ ಮೀನುಗಳನ್ನು ಕುರಿತು ಬರೆದಾಗ ಕಟ್ಲ, ರೋಹಿತ ಮೊದಲಾದ ವಂಗದೇಶದ ಹೆಸರುಗಳು ಶಾಸ್ತ್ರವನ್ನು ಪ್ರವೇಶಿಸಿದುವು.

ಕಾರವಾರದ ದಡಕ್ಕೆ ಬರುವ ಮೀನು ಹೀಗೆ ವಿಶಾಖಪಟ್ಟಣದ ಹೆಸರನ್ನೋ ಕೆಂಪು ಸಮುದ್ರದ ಹೆಸರನ್ನೋ ಹೊತ್ತು ಲೋಕದಲ್ಲಿ ಸಂಚರಿಸುವುದು. ಒಂದು ಹೆಸರು ಉಳಿಯುವುದು ಅದರ ಯೋಗ್ಯತೆಯಿಂದಲ್ಲ. ಕೇಳಿ ಬರೆದುಕೊಳ್ಳುವವನೊಬ್ಬನು ಅಂದು ಆ ದಡದಲ್ಲಿದ್ದನೆಂಬುದರಿಂದ. ಕನ್ನಡ ಕರಾವಳಿಯಲ್ಲಿ ಕನ್ನಡ, ತುಳು, ಕೊಂಕಣಿಗಳು ಹೆಣೆದುಕೊಂಡಿವೆ. ಉತ್ತರದಲ್ಲಿ ತಾರ್ಲೆಯೆಂಬುದು ದಕ್ಷಿಣದಲ್ಲಿ ಬೂತಾಯಿ; ಒಂದೆಡೆ ಬಳಚು, ಮತ್ತೊಂದೆಡೆ ಮರುವಾಯಿ. ಮಂಗಳೂರಿನ ಬಾಸೆಲ್ ಮಿಷನ್ನಿನವರು ಮ್ಯಾನರನ ತುಳು ನಿಘಂಟನ್ನು ೧೮೮೬ರಲ್ಲಿಯೂ ಕಿಟ್ಟೆಲನ ಕನ್ನಡ ನಿಘಂಟನ್ನು ೧೮೯೪ರಲ್ಲಿಯೂ ಪ್ರಕಟಿಸಿದರು. ಆದರೆ ‘ಒಂದು ಬಗೆಯ ಮೀನು’ ಎಂಬಂಥ ಅರ್ಥವಿವರಣೆಯಿಂದ ಯಾವ ಜೀವಿಯೆಂಬುದು ನಿಶ್ಚಯವಾಗಲಾರದು. ಅದನ್ನು ನಿಶ್ಚಯಿಸಬಲ್ಲುದು ಮಾದರಿಯನ್ನು ಕೈಯಲ್ಲಿ ಹಿಡಿದಿರುವ ಕೇಂದ್ರವೊಂದೇ. ಅಂತೆಯೇ, ಪಠ್ಯಪುಸ್ತಕಗಳಿಗಾಗಿ ಹೊಸ ಪಾರಿಭಾಷಿಕ ಪದಗಳನ್ನು ಟಂಕಿಸುವವರು, ಅಳಿವೆ, ಗಜನಿ, ಕಾಂಡ್ಲ ಎಂಬ ಸಿದ್ಧಪದಗಳು ತೀರದಲ್ಲಿ ಕಾದಿರುವುದನ್ನು ಅನೇಕ ವೇಳೆ ಮರೆಯುವರು. ಬಲೆ ಮರೆಯಾದಂತೆ ಬಲೆಯ ಅಂಗಾಂಗಗಳ ಹೆಸರೂ, ಹಳ್ಳಿ ಸ್ಥಳ ಬಿಟ್ಟಂತೆ ಬಂಡೆಬಂಡೆಯ ಹೆಸರೂ ನಾಲಗೆಯಿಂದ ಜಾರುವುವು. ರಂಪಣಿಯನ್ನು ಎಳೆದವರ ತಲೆಮಾರು ಈಗ ವೃದ್ಧಾಪ್ಯದಲ್ಲಿದೆ.

೭

ಬೆಂಗಳೂರಿನ ಪಶ್ಚಿಮ ಭಾಗದ ಜ್ಞಾನಭಾರತಿಯಂಥ ವಿದ್ಯಾಕ್ಷೇತ್ರಕ್ಕೆ ಈ ವಿಷಯವು ದೂರದ್ದೆಂದು ತೋರಬಹುದು. ೧೯೬೪ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾಲಯದ ಈ ಆವರಣವು ಸಮುದ್ರಮಟ್ಟಕ್ಕಿಂತ ಎಷ್ಟೋ ಎತ್ತರದಲ್ಲಿ, ಎರಡು ಕಡಲುಗಳಿಂದಲೂ ದೂರದಲ್ಲಿದೆ. ಆದರೆ ಅದರ ಸಮೀಪದಲ್ಲಿ ಹರಿಯುವ ವೃಷಭಾವತಿಯು ಕೆಂಗೇರಿಯನ್ನು ದಾಟಿ ಅರ್ಕಾವತಿಯನ್ನೂ, ಅರ್ಕಾವತಿಯು ಕಾವೇರಿಯನ್ನೂ ಸೇರುವುದು. ನಗರದ ಕೊಳೆಯೆಲ್ಲ ಕಡೆಗೆ ಯಾವುದೋ ಒಂದು ಅಳಿವೆಯ ದಿಕ್ಕಿಗೇ ಮುಖಮಾಡಿದೆ. ಅಳಿವೆಯ ಪಾಠವು ಒಳನಾಡಿನವರಿಗೆ ಅನವಶ್ಯಕವೆಂದು ಹೇಳುವುದಕ್ಕೆ ಈ ಕಾರಣದಿಂದ ಆಸ್ಪದವಿಲ್ಲ. ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ತೀರಕ್ಕೆ ಪ್ರವಾಸ ಹೋಗುವ ಪದ್ಧತಿ ಒಳನಾಡಿನ ಕಾಲೇಜುಗಳಲ್ಲಿ ಬಹುಕಾಲದಿಂದಲೂ ಉಂಟು. ಅದರೊಡನೆ, ಜ್ಞಾನಭಾರತಿಯ ಕನ್ನಡ ಅಧ್ಯಯನ ಕೇಂದ್ರದಂಥ ಸಂಸ್ಥೆಗಳ ಭಾಷಾವಿದ್ಯಾರ್ಥಿಗಳೂ ಅದೇ ಬಂಡಿಯಲ್ಲಿ ಹೊರಟರೆ ಎರಡು ಶಾಸ್ತ್ರಗಳಿಗೂ ಲಾಭವುಂಟು.

ಇದಕ್ಕೆ ಬೇಕಾದ ಸಿದ್ಧತೆ ದೊಡ್ಡದಲ್ಲ. ಕೇಂದ್ರದ ದಿನಚರಿಯಲ್ಲಿ ದಿನಾಂಕ, ಸ್ಥಳ, ಉಷ್ಣತೆ, ಲವಣತೆ, ಜಾತಿ, ಉದ್ದ ಎಂಬ ಅಂಕಣಗಳ ಪಕ್ಕದಲ್ಲಿ ‘ಹೇಳಿದ ಹೆಸರು’ ಎಂಬ ಮತ್ತೊಂದು ಅಂಕಣವಿದ್ದರೆ ಸಾಕು. ಅದರಲ್ಲಿ ಪದವನ್ನು ಉಚ್ಚಾರಣ ಸಹಿತವಾಗಿ, ಭಾಷೆಯನ್ನೂ ಊರನ್ನೂ ಸೂಚಿಸಿ ಬರೆಯಬೇಕು. ಒಂದೇ ಮೀನಿನ ಮರಿಗೂ ಬಲಿತುದಕ್ಕೂ ಬೇರೆ ಬೇರೆ ಹೆಸರಿಡುವುದು ಮೀನುಗಾರರಲ್ಲಿ ಸಾಮಾನ್ಯವಾದುದರಿಂದ, ಉದ್ದದ ಅಂಕಣವೂ ಹೆಸರಿನ ಅಂಕಣವೂ ಒಂದನ್ನೊಂದು ವಿವರಿಸುವುವು. ನಿಘಂಟುಕಾರನಿಗೆ ಇದರಿಂದ ಖಚಿತವಾದ ಅರ್ಥವೂ, ಜೀವಶಾಸ್ತ್ರಜ್ಞನಿಗೆ ತೀರದ ಜನರ ಹಲವು ತಲೆಮಾರುಗಳ ವೀಕ್ಷಣೆಯೂ, ಅಧ್ಯಾಪಕನಿಗೆ ಟಂಕಿಸಬೇಕಿಲ್ಲದ ಪದಗಳೂ ದೊರೆಯುವುವು. ರಂಪಣಿಯನ್ನು ಎಳೆದವರು ಇನ್ನೂ ಕೇಳಿದ್ದಕ್ಕೆ ಉತ್ತರ ಹೇಳಬಲ್ಲವರಾಗಿರುವಾಗಲೇ ಈ ಅಂಕಣವನ್ನು ತುಂಬತೊಡಗುವುದು ಯುಕ್ತ.